ಕ್ವೆರಿ ಕುಂಟಿದಾಗ, ಫಂಕ್ಷನ್ ಕೈಕೊಟ್ಟಾಗ: ಪೋಸ್ಟ್‌ಗ್ರೆಸ್‌ನಲ್ಲಿ ಯಾವ ಸಾಧನ ಹಿಡಿಯಬೇಕು?

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಇಕ್ಕಟ್ಟು ಒಂದಿದೆ. ಕ್ವೆರಿಯನ್ನು, ಅಂದರೆ ಡೇಟಾ ಕೇಳುವ ಆದೇಶವನ್ನು, ನೇರವಾಗಿ ಓಡಿಸಿದರೆ ಕ್ಷಣದಲ್ಲಿ ಮುಗಿಯುತ್ತದೆ. ಅದೇ ಕ್ವೆರಿ ಫಂಕ್ಷನ್ (ಡೇಟಾಬೇಸ್‌ನಲ್ಲೇ ಇಟ್ಟ ಪುಟ್ಟ ಪ್ರೋಗ್ರಾಂ) ಒಳಗೆ ಸೇರಿಕೊಂಡರೆ ನಿಮಿಷಗಟ್ಟಲೆ ತೆವಳುತ್ತದೆ. ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಆದೇಶಕ್ಕೆ ಕೇಳಿದರೆ ಒಂದೆರಡು ಸಾಲಿನ ಒಣ ಉತ್ತರ ಬರುತ್ತದೆ. ಗೊಂದಲ ಶುರುವಾಗುವುದು ಅಲ್ಲಿಂದ: ಲಾಗ್ ತೆರೆಯಬೇಕೇ, ಡೀಬಗರ್ ಹಾಕಿಕೊಳ್ಳಬೇಕೇ, ಫಂಕ್ಷನ್ ತುಂಬ ಸಂದೇಶ ಮುದ್ರಿಸುವ ಸಾಲುಗಳನ್ನು ತುರುಕಬೇಕೇ, ಇಲ್ಲವೇ ಹಣ ಕೊಟ್ಟು ನಿಗಾ ಸಾಧನವನ್ನೇ ಕೊಳ್ಳಬೇಕೇ?

ಈ ಸಾಧನಗಳಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಕಣ್ಣು ಕಾಣದ ಒಂದು ಜಾಗವಿದೆ, ತಯಾರಕರ ಕೈಪಿಡಿಯಲ್ಲಿ ಅದು ಎದ್ದು ಕಾಣುವುದಿಲ್ಲ. ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದೇ ಅದರ ಮೇಲೆ. ಒಂದು ಸೂಚನೆ: ಇಲ್ಲಿ ಬರುವ ಸೆಟ್ಟಿಂಗ್ ಮತ್ತು ವ್ಯೂಗಳ (ಟೇಬಲ್‌ನಂತೆ ಓದಬಹುದಾದ ಪಟ್ಟಿಗಳ) ಹೆಸರನ್ನು ಬಿಡಿಸಿ ಬರೆದಿದ್ದೇನೆ, ಟೈಪ್ ಮಾಡುವಾಗ ಪದಗಳ ನಡುವೆ ಅಡಿಗೆರೆ ಸೇರಿಸಿಕೊಳ್ಳಿ.

ಮೊದಲು ಅಳತೆಗೋಲು

ಸಾಧನ ಹುಡುಕುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ.

ರೋಗಲಕ್ಷಣ ಯಾವುದು? ನಿಧಾನ, ತಪ್ಪು ಉತ್ತರ, ನಿಂತೇ ಹೋಗುವುದು, ಈ ಮೂರೂ ಬೇರೆ ಬೇರೆ ಕಾಯಿಲೆಗಳು. ಬೀಗಕ್ಕೆ (ಲಾಕ್) ಕಾದು ನಿಂತಿರುವ ಕ್ವೆರಿಗೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಕಟ್ಟುವ ಸೂಚಿ) ಸೇರಿಸಿ ಪ್ರಯೋಜನವಿಲ್ಲ. ತಪ್ಪು ಮೊತ್ತ ಕೊಡುವ ಫಂಕ್ಷನ್‌ಗೆ ಎಕ್ಸ್‌ಪ್ಲೇನ್ ನೋಡುವುದರಿಂದಲೂ ಪ್ರಯೋಜನವಿಲ್ಲ.

ತೊಂದರೆಯನ್ನು ಬೇಕೆಂದಾಗ ಮರುಕಳಿಸಲು ಆಗುತ್ತದೆಯೇ? ಆಗುವುದಾದರೆ ಕೂತು ಓಡಿಸಿ ನೋಡುವ ಸಾಧನ ಸಾಕು. ವಾರಕ್ಕೊಮ್ಮೆ ನಡುರಾತ್ರಿ ಮಾತ್ರ ಬರುವ ತೊಂದರೆಯಾದರೆ ನೀವಿಲ್ಲದಾಗಲೂ ಬರೆದಿಡುವ ಸಾಧನ ಬೇಕು.

ಸಾಧನಕ್ಕೆ ಫಂಕ್ಷನ್‌ನ ಒಳಗು ಕಾಣುತ್ತದೆಯೇ? ಹೆಚ್ಚಿನವರು ಎಡವುವುದು ಇಲ್ಲೇ.

ಬೆಲೆ ಎಷ್ಟು? ಹಣದ ಬೆಲೆ ಒಂದು ಭಾಗ ಮಾತ್ರ. ಸರ್ವರ್ ಮೇಲೆ ಬೀಳುವ ಹೊರೆ, ಸರ್ವರ್ ಮರುಪ್ರಾರಂಭದ ಅಗತ್ಯ, ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಬಳಕೆದಾರ) ಅನುಮತಿ, ಕಲಿಯಲು ಹಿಡಿಯುವ ಹೊತ್ತು ಎಲ್ಲವೂ ಬೆಲೆಯೇ. ಕ್ಲೌಡ್‌ನಲ್ಲಿ ಬೇರೆಯವರು ನಿರ್ವಹಿಸುವ ಡೇಟಾಬೇಸ್ ನಿಮ್ಮದಾಗಿದ್ದರೆ ಸೂಪರ್‌ಯೂಸರ್ ಅನುಮತಿ ಸಾಮಾನ್ಯವಾಗಿ ಸಿಗುವುದಿಲ್ಲ. ಆಗ ಪಟ್ಟಿಯಿಂದ ಒಂದೆರಡು ಹೆಸರು ತಾನಾಗಿಯೇ ಅಳಿಸಿಹೋಗುತ್ತವೆ.

ಎಕ್ಸ್‌ಪ್ಲೇನ್: ಮೊದಲ ನಿಲ್ದಾಣ, ಕೊನೆಯದಲ್ಲ

ಬರಿಯ ಎಕ್ಸ್‌ಪ್ಲೇನ್ ಕ್ವೆರಿಯನ್ನು ಓಡಿಸುವುದಿಲ್ಲ, ಕ್ವೆರಿ ಓಡಿಸುವ ದಾರಿಯನ್ನು (ಪ್ಲಾನ್) ಆರಿಸುವ ಪ್ಲಾನರ್‌ನ ಅಂದಾಜನ್ನಷ್ಟೇ ತೋರಿಸುತ್ತದೆ. ಅದರಲ್ಲಿರುವ ವೆಚ್ಚದ ಅಂಕಿ ಮಿಲಿಸೆಕೆಂಡ್ ಎಂದು ತಿಳಿಯುವವರು ಬಹಳ. ಅದು ಸಮಯವೇ ಅಲ್ಲ. ಟೇಬಲ್‌ನ ಒಂದು ಪುಟವನ್ನು ಸಾಲಾಗಿ ಓದುವ ಕೆಲಸಕ್ಕೆ 1 ಎಂದು ಬೆಲೆ ಕಟ್ಟಿ, ಉಳಿದ ಕೆಲಸಗಳನ್ನು ಅದಕ್ಕೆ ಹೋಲಿಸಿ ಮಾಡಿದ ಲೆಕ್ಕ. ಬಿಡಿಬಿಡಿಯಾಗಿ ಪುಟ ಓದುವುದಕ್ಕೆ ಮೂಲ ಸೆಟ್ಟಿಂಗ್‌ನಲ್ಲಿ 4 ಎಂಬ ಬೆಲೆಯಿದೆ.

ಅನಲೈಜ್ ಸೇರಿಸಿದರೆ ಕ್ವೆರಿ ನಿಜಕ್ಕೂ ಓಡುತ್ತದೆ. ಡಿಲೀಟ್, ಅಪ್‌ಡೇಟ್‌ಗಳೂ ಓಡುತ್ತವೆ ಎಂಬುದನ್ನು ಮರೆಯಬಾರದು. ಅವುಗಳನ್ನು ಬಿಗಿನ್ ಮತ್ತು (ಬದಲಾವಣೆ ರದ್ದು ಮಾಡುವ) ರೋಲ್‌ಬ್ಯಾಕ್ ನಡುವೆ ಇಟ್ಟೇ ಪರೀಕ್ಷಿಸಿ. ಬಫರ್ಸ್ ಆಯ್ಕೆಯನ್ನೂ ಸೇರಿಸಿಕೊಳ್ಳಿ. 18ನೇ ಆವೃತ್ತಿಯಿಂದ ಅನಲೈಜ್ ಜೊತೆ ಅದು ತಾನಾಗಿಯೇ ಬರುತ್ತದೆ, ಹಳೆಯದರಲ್ಲಿ ಕೇಳಿ ಪಡೆಯಬೇಕು. ಮೊದಲ ಸಲ ನಿಧಾನವಾಗಿ ಎರಡನೇ ಸಲ ಚುರುಕಾದ ಕ್ವೆರಿಯನ್ನು ಕಂಡು ‘ಸರಿಹೋಯಿತು’ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು ಬಫರ್ ಲೆಕ್ಕ ನೋಡಿ: ಪುಟಗಳು ಮೆಮೊರಿಯಲ್ಲೇ ಸಿಕ್ಕವೋ, ಹೊರಗಿನಿಂದ ಓದಬೇಕಾಯಿತೋ ಎಂಬುದು ಅಲ್ಲಿದೆ. ಒಂದು ಪುಟ ಸಾಮಾನ್ಯವಾಗಿ 8 ಕಿಲೋಬೈಟ್.

ಓದುವಾಗ ನಾನು ಮೊದಲು ನೋಡುವುದು ಸಮಯವನ್ನಲ್ಲ, ಅಂದಾಜು ಸಾಲುಗಳಿಗೂ ನಿಜವಾದ ಸಾಲುಗಳಿಗೂ ಇರುವ ಅಂತರವನ್ನು. ಪ್ಲಾನರ್ 1 ಸಾಲು ಬರಬಹುದು ಎಂದುಕೊಂಡ ಕಡೆ 50,000 ಸಾಲು ಬಂದಿದ್ದರೆ, ಅದರ ಮೇಲಿನ ಎಲ್ಲ ತೀರ್ಮಾನಗಳೂ ಹಳಿ ತಪ್ಪಿರುತ್ತವೆ. ಆ ಟೇಬಲ್‌ಗೆ ಅನಲೈಜ್ ಎಂಬ ಪ್ರತ್ಯೇಕ ಆದೇಶ (ಎಕ್ಸ್‌ಪ್ಲೇನ್‌ನ ಆಯ್ಕೆಯಲ್ಲ) ಕೊಟ್ಟು ಅಂಕಿಅಂಶ ಹೊಸದು ಮಾಡಿ. ಒಂದಕ್ಕೊಂದು ನಂಟಿರುವ ಎರಡು ಕಾಲಂಗಳ ಮೇಲೆ ಷರತ್ತಿದ್ದರೆ, 10ನೇ ಆವೃತ್ತಿಯಿಂದ ಇರುವ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ನೆರವಿಗೆ ಬರುತ್ತದೆ. ಇನ್ನೊಂದು ಬಲೆ ಇದೆ: ಲೂಪ್‌ಗಳ ಸಂಖ್ಯೆ 1ಕ್ಕಿಂತ ಹೆಚ್ಚಿದ್ದರೆ, ಅಲ್ಲಿ ತೋರುವ ಸಮಯವೂ ಸಾಲುಗಳೂ ಪ್ರತಿ ಲೂಪ್‌ನ ಸರಾಸರಿ. 0.02 ಮಿಲಿಸೆಕೆಂಡ್ ಎಂದು ಬಡಪಾಯಿಯಂತೆ ಕೂತಿರುವ ಇಂಡೆಕ್ಸ್ ಸ್ಕ್ಯಾನ್ 3 ಲಕ್ಷ ಸಲ ಓಡಿದ್ದರೆ 6 ಸೆಕೆಂಡ್ ನುಂಗಿರುತ್ತದೆ.

ಎಕ್ಸ್‌ಪ್ಲೇನ್ ಅನಲೈಜ್‌ನಲ್ಲಿ ಹಲವರು ಗಮನಿಸದ ಒಂದು ಒಳ್ಳೆಯ ಗುಣವೆಂದರೆ ಅದು ಟ್ರಿಗರ್‌ಗಳ (ಸಾಲು ಬದಲಾದಾಗ ತಾನಾಗಿ ಓಡುವ ಫಂಕ್ಷನ್‌ಗಳ) ಸಮಯವನ್ನು ಪ್ರತ್ಯೇಕವಾಗಿ ಕೊನೆಯಲ್ಲಿ ತೋರಿಸುತ್ತದೆ. ಒಂದೇ ಸಾಲನ್ನು ಅಳಿಸಲು ಸೆಕೆಂಡುಗಟ್ಟಲೆ ಹಿಡಿದರೆ ಅಲ್ಲಿ ನೋಡಿ. ಫಾರಿನ್ ಕೀ ಮೂಲಕ ಈ ಟೇಬಲ್ ಅನ್ನು ನೆಚ್ಚಿರುವ ಇನ್ನೊಂದು ಟೇಬಲ್‌ನಲ್ಲಿ, ಆ ಕಾಲಂಗೆ ಇಂಡೆಕ್ಸ್ ಇಲ್ಲದಿರುವುದೇ ಕಾರಣ ಎಂಬುದು ಬಹಳ ಸಲ ಅಲ್ಲೇ ಬಯಲಾಗುತ್ತದೆ. ಪೋಸ್ಟ್‌ಗ್ರೆಸ್ ಅಂಥ ಇಂಡೆಕ್ಸ್ ಅನ್ನು ತಾನಾಗಿ ಕಟ್ಟಿಕೊಡುವುದಿಲ್ಲ.

ಇನ್ನು ಅದಕ್ಕೆ ಕಾಣದ ಜಾಗ. ಪೋಸ್ಟ್‌ಗ್ರೆಸ್‌ನ ಫಂಕ್ಷನ್ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ಬರೆದ ಫಂಕ್ಷನ್ ಎಕ್ಸ್‌ಪ್ಲೇನ್‌ನ ಪಾಲಿಗೆ ಮುಚ್ಚಿದ ಡಬ್ಬ. ಒಟ್ಟು ಸಮಯ ಸಿಗುತ್ತದೆ, ಒಳಗಿನ ಹತ್ತು ಕ್ವೆರಿಗಳಲ್ಲಿ ಯಾವುದು ತಿಂದಿತು ಎಂಬುದು ಸಿಗುವುದಿಲ್ಲ. ಎಸ್‌ಕ್ಯೂಎಲ್ ಭಾಷೆಯಲ್ಲೇ ಬರೆದ ಸರಳ ಫಂಕ್ಷನ್‌ಗಳನ್ನು ಮಾತ್ರ ಪ್ಲಾನರ್ ಬಿಚ್ಚಿ ಹೊರಗಿನ ಕ್ವೆರಿಯೊಳಗೆ ಬೆರೆಸಿಕೊಳ್ಳಬಲ್ಲದು; ಆಗ ಒಳಗಿನದೂ ಪ್ಲಾನ್‌ನಲ್ಲಿ ಕಾಣುತ್ತದೆ.

ಅನುಮತಿ ಬೇಡ, ಹಣ ಬೇಡ, ಮರುಪ್ರಾರಂಭ ಬೇಡ. ಒಂದೇ ಕ್ವೆರಿ, ಮರುಕಳಿಸಬಲ್ಲ ನಿಧಾನ, ನಿಮ್ಮ ಕೈಯಲ್ಲೇ ಇರುವ ಡೇಟಾ, ಈ ಮೂರಿದ್ದರೆ ಬೇರೇನೂ ಹುಡುಕಬೇಡಿ.

ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್: ಯಾವ ಕ್ವೆರಿ ಎಂದೇ ಗೊತ್ತಿಲ್ಲದವರಿಗೆ

‘ಇಡೀ ವ್ಯವಸ್ಥೆಯೇ ನಿಧಾನ’ ಎಂಬ ದೂರು ಬಂದಾಗ ಎಕ್ಸ್‌ಪ್ಲೇನ್ ಹಿಡಿದು ಏನನ್ನು ಪರೀಕ್ಷಿಸುತ್ತೀರಿ? ಇಲ್ಲಿ ಬೇಕಾದದ್ದು ಲೆಕ್ಕದ ಪುಸ್ತಕ. ಈ ವಿಸ್ತರಣೆ (ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಕ್ವೆರಿಯಲ್ಲಿನ ಸ್ಥಿರಾಂಕಗಳನ್ನು ತೆಗೆದುಹಾಕಿ, ಒಂದೇ ಆಕಾರದ ಕ್ವೆರಿಗಳನ್ನೆಲ್ಲ ಒಂದೇ ಖಾತೆಗೆ ಸೇರಿಸಿ, ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು ತಿಂದಿತು, ಸರಾಸರಿ ಎಷ್ಟು ಎಂದು ಬರೆದಿಡುತ್ತದೆ. ಒಟ್ಟು ಸಮಯದ ಕ್ರಮದಲ್ಲಿ ಜೋಡಿಸಿ ನೋಡಿದರೆ ಅಚ್ಚರಿ ಕಾದಿರುತ್ತದೆ: ಮೇಲೆ ಬರುವುದು ಎಲ್ಲರೂ ಬೈಯುವ ದೊಡ್ಡ ವರದಿಯ ಕ್ವೆರಿಯಾಗಿರದೆ, 4 ಮಿಲಿಸೆಕೆಂಡ್‌ನಲ್ಲಿ ಮುಗಿದು ದಿನಕ್ಕೆ ಲಕ್ಷಾಂತರ ಸಲ ಓಡುವ ಪುಟ್ಟ ಕ್ವೆರಿಯಾಗಿರಬಹುದು.

ಇದನ್ನು ಹಚ್ಚಲು ಶೇರ್ಡ್ ಪ್ರೀಲೋಡ್ ಲೈಬ್ರರೀಸ್ ಸೆಟ್ಟಿಂಗ್‌ನಲ್ಲಿ ಹೆಸರು ಸೇರಿಸಬೇಕು, ಅಂದರೆ ಸರ್ವರ್ ಒಮ್ಮೆ ಮರುಪ್ರಾರಂಭವಾಗಲೇಬೇಕು. ಆದ್ದರಿಂದ ತೊಂದರೆ ಬಂದ ದಿನ ಹಾಕಿಕೊಳ್ಳುವ ಸಾಧನ ಇದಲ್ಲ. ಸರ್ವರ್ ಕಟ್ಟುವ ದಿನವೇ ಸೇರಿಸಿಡಬೇಕಾದದ್ದು. ಹೊರೆ ಕಡಿಮೆ. ಹಳೆಯ ಬರಹಗಳಲ್ಲಿ ಕಾಣುವ ‘ಟೋಟಲ್ ಟೈಮ್’ ಕಾಲಂ 13ನೇ ಆವೃತ್ತಿಯಲ್ಲಿ ‘ಟೋಟಲ್ ಎಕ್ಸೆಕ್ ಟೈಮ್’ ಆಗಿದೆ; ನಕಲು ಮಾಡಿದ ಕ್ವೆರಿ ದೋಷ ಕೊಟ್ಟರೆ ಗಾಬರಿ ಬೇಡ.

ಇದಕ್ಕೆ ಕಾಣದ ಜಾಗಗಳು ಮೂರು. ಪ್ಲಾನ್ ಇಲ್ಲಿ ದಾಖಲಾಗುವುದಿಲ್ಲ. ದೋಷದಿಂದಲೋ ಕಾಲಮಿತಿ ಮೀರಿಯೋ ನಡುವೆ ಸತ್ತ ಕ್ವೆರಿ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ 30 ಸೆಕೆಂಡ್ ಕಾಲಮಿತಿಗೆ ಪದೇ ಪದೇ ಬಲಿಯಾಗುವ ಅತಿ ಕೆಟ್ಟ ಕ್ವೆರಿಯೇ ಪಟ್ಟಿಯಲ್ಲಿ ಕಾಣದೆ ಹೋಗಬಹುದು! ಮೂರನೆಯದು ಫಂಕ್ಷನ್: ಮೂಲ ಸೆಟ್ಟಿಂಗ್ ‘ಟಾಪ್’ ಆಗಿರುವುದರಿಂದ ಹೊರಗಿನ ಕರೆ ಮಾತ್ರ ದಾಖಲಾಗುತ್ತದೆ. ಟ್ರ್ಯಾಕ್ ಸೆಟ್ಟಿಂಗ್ ಅನ್ನು ‘ಆಲ್’ ಮಾಡಿದರೆ ಒಳಗಿನ ಕ್ವೆರಿಗಳಿಗೂ ಖಾತೆ ತೆರೆಯುತ್ತದೆ. ಫಂಕ್ಷನ್ ಹೆಚ್ಚು ಬಳಸುವ ವ್ಯವಸ್ಥೆಯಲ್ಲಿ ಈ ಬದಲಾವಣೆ ಮಾಡದೆ ಈ ಸಾಧನವನ್ನು ನಂಬಬಾರದು. ಆದರೆ ಆಗ ಒಟ್ಟು ಮೊತ್ತ ಕೂಡಿಸಬೇಡಿ, ಒಳಗಿನ ಸಮಯ ಹೊರಗಿನ ಕರೆಯಲ್ಲೂ ಸೇರಿ ಎರಡು ಸಲ ಎಣಿಕೆಯಾಗಿರುತ್ತದೆ.

ಲಾಗ್ ಮತ್ತು ಆಟೋ ಎಕ್ಸ್‌ಪ್ಲೇನ್: ನೀವಿಲ್ಲದಾಗಿನ ಸಾಕ್ಷಿ

ಲಾಗ್ ಮಿನ್ ಡ್ಯುರೇಶನ್ ಸ್ಟೇಟ್‌ಮೆಂಟ್ ಎಂಬ ಸೆಟ್ಟಿಂಗ್ ಮೂಲದಲ್ಲಿ ಮುಚ್ಚಿರುತ್ತದೆ. ಅದಕ್ಕೆ 1 ಸೆಕೆಂಡ್ ಎಂದು ಕೊಟ್ಟರೆ ಅದನ್ನು ಮೀರಿದ ಪ್ರತಿ ಕ್ವೆರಿಯೂ ಲಾಗ್‌ಗೆ ಬೀಳುತ್ತದೆ. ಮರುಪ್ರಾರಂಭ ಬೇಕಿಲ್ಲ, ಸೆಟ್ಟಿಂಗ್ ಮರುಓದಿಸಿದರೆ ಸಾಕು. ಸರಳ, ಅಗ್ಗ, ಹೆಚ್ಚಿನವರಿಗೆ ಸಾಕಾಗುವಂಥದ್ದು. ಆದರೆ ಕ್ವೆರಿ ನಿಧಾನವಾಗಿತ್ತು ಎಂದಷ್ಟೇ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ.

‘ಯಾಕೆ’ ಬೇಕಾದವರಿಗೆ ಆಟೋ ಎಕ್ಸ್‌ಪ್ಲೇನ್ ಎಂಬ ಲೈಬ್ರರಿ ಇದೆ. ನಡುರಾತ್ರಿ ಬಂದು ಹೋದ ನಿಧಾನದ ಪ್ಲಾನ್ ಅನ್ನು ಅದೇ ಕ್ಷಣದಲ್ಲಿ ಹಿಡಿದು ಲಾಗ್‌ನಲ್ಲಿಡುತ್ತದೆ. ಬೆಳಿಗ್ಗೆ ನೀವು ಓಡಿಸಿ ನೋಡುವ ಪ್ಲಾನ್ ಬೇರೆಯೇ ಆಗಿರಬಹುದಾದ್ದರಿಂದ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಇದೆ. ಲಾಗ್ ಅನಲೈಜ್ ಆಯ್ಕೆ ತೆರೆದರೆ ನಿಧಾನವಾದವುಗಳನ್ನು ಮಾತ್ರವಲ್ಲ, ಓಡುವ ಪ್ರತಿ ಕ್ವೆರಿಯನ್ನೂ ಗಡಿಯಾರ ಹಿಡಿದು ಅಳೆಯಬೇಕಾಗುತ್ತದೆ. ಯಾವುದು ನಿಧಾನವಾಗಲಿದೆ ಎಂದು ಅದಕ್ಕೆ ಮೊದಲೇ ಹೇಗೆ ತಿಳಿಯಬೇಕು? ಬಿಡುವಿಲ್ಲದ ಸರ್ವರ್‌ನಲ್ಲಿ ಲಾಗ್ ಟೈಮಿಂಗ್ ಮುಚ್ಚಿ, ಸ್ಯಾಂಪಲ್ ರೇಟ್ ತಗ್ಗಿಸಿ ಬಳಸುವುದು ಜಾಣತನ.

ಆದರೆ ಆಟೋ ಎಕ್ಸ್‌ಪ್ಲೇನ್ ಅನ್ನು ಇಡೀ ಸರ್ವರ್‌ಗೆ ಹಚ್ಚಲೇಬೇಕೆಂದಿಲ್ಲ, ಫಂಕ್ಷನ್ ಬರೆಯುವವರಿಗೆ ಇದು ವರದಾನ. ಸೂಪರ್‌ಯೂಸರ್ ಆಗಿ ನಿಮ್ಮ ಸೆಶನ್‌ನಲ್ಲಿ (ಸರ್ವರ್ ಜೊತೆಗಿನ ನಿಮ್ಮ ಸಂಪರ್ಕದಲ್ಲಿ) ಮಾತ್ರ ಲೋಡ್ ಆದೇಶದಿಂದ ಅದನ್ನು ಕರೆಯಿರಿ. ಕನಿಷ್ಠ ಅವಧಿಯನ್ನು 0 ಮಾಡಿ, ಲಾಗ್ ಅನಲೈಜ್ ಮತ್ತು ಲಾಗ್ ನೆಸ್ಟೆಡ್ ಸ್ಟೇಟ್‌ಮೆಂಟ್ಸ್ ಎರಡನ್ನೂ ತೆರೆಯಿರಿ. ಕ್ಲೈಂಟ್ ಮಿನ್ ಮೆಸೇಜಸ್ ಅನ್ನು ‘ಲಾಗ್’ ಎಂದು ಇಡಿ. ಈಗ ಫಂಕ್ಷನ್ ಕರೆದರೆ ಒಳಗಿನ ಪ್ರತಿ ಕ್ವೆರಿಯ ಪ್ಲಾನೂ ನಿಜವಾದ ಸಮಯದೊಂದಿಗೆ ನಿಮ್ಮ ಪರದೆಯ ಮೇಲೆಯೇ ಸಾಲಾಗಿ ಬರುತ್ತದೆ. ಮುಚ್ಚಿದ ಡಬ್ಬದ ಮುಚ್ಚಳ ತೆರೆಯಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಇದೇ. ಯಾಕೋ ಇದನ್ನು ಬಳಸುವವರು ಕಡಿಮೆ. ಲೂಪ್ ಒಳಗೆ ಕ್ವೆರಿ ಇರುವ ಫಂಕ್ಷನ್ ಆದರೆ ಸಾವಿರಾರು ಪ್ಲಾನ್ ಸುರಿಯುತ್ತವೆ, ಆಗ ಸಣ್ಣ ಡೇಟಾ ಕೊಟ್ಟು ಪರೀಕ್ಷಿಸಿ. ಹಾಗೆ ಸುರಿಯುವುದೇ ರೋಗದ ಕುರುಹು ಎಂಬುದೂ ನಿಜ: ಸಾಲಿಗೊಂದರಂತೆ ಮಾಡುತ್ತಿರುವ ಕೆಲಸವನ್ನು ಒಂದೇ ಕ್ವೆರಿಯಲ್ಲಿ ಮಾಡಬಹುದಿತ್ತು.

ಲಾಗ್‌ಗಳ ಬಗ್ಗೆ ಒಂದು ಎಚ್ಚರಿಕೆ. ಕ್ವೆರಿಯ ಜೊತೆ ನಿಜವಾದ ಮೌಲ್ಯಗಳೂ, ಅಂದರೆ ಜನರ ಹೆಸರು, ಫೋನ್ ಸಂಖ್ಯೆಗಳೂ ಕಡತಕ್ಕೆ ಇಳಿಯುತ್ತವೆ. ಆ ಕಡತವನ್ನು ಯಾರು ಓದಬಲ್ಲರು ಎಂಬುದನ್ನು ಮೊದಲೇ ನಿರ್ಧರಿಸಿ.

ಅದೇ ಕ್ವೆರಿ ಫಂಕ್ಷನ್ ಒಳಗೆ ಯಾಕೆ ನಿಧಾನ?

ಫಂಕ್ಷನ್‌ಗಾಗಿಯೇ ಇರುವ ಸಾಧನಗಳಿಗೆ ಹೋಗುವ ಮೊದಲು ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು, ಯಾಕೆಂದರೆ ಸಾಧನದ ಆಯ್ಕೆ ಇದರ ಮೇಲೆ ನಿಂತಿದೆ.

ಒಂದು ಕಾರಣ ಸಾಮಾನ್ಯ (ಜೆನೆರಿಕ್) ಪ್ಲಾನ್. ಫಂಕ್ಷನ್ ಒಳಗಿನ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಮೊದಲ 5 ಸಲ ಕೊಟ್ಟ ಮೌಲ್ಯಕ್ಕೆ ತಕ್ಕಂತೆ ಪ್ಲಾನ್ ಮಾಡುತ್ತದೆ. ಆಮೇಲೆ, ಮೌಲ್ಯವನ್ನೇ ನೋಡದ ಸಾಮಾನ್ಯ ಪ್ಲಾನ್ ದುಬಾರಿಯಲ್ಲ ಎಂದು ಅದಕ್ಕೆ ತೋರಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಟೇಬಲ್‌ನ 95 ಶೇಕಡಾ ಸಾಲುಗಳಲ್ಲಿ ಒಂದೇ ಮೌಲ್ಯವಿದ್ದು ಉಳಿದವು ಚದುರಿದ್ದರೆ ಈ ಸಾಮಾನ್ಯ ಪ್ಲಾನ್ ಅನಾಹುತ ಮಾಡಬಲ್ಲದು. ಒಂದೇ ಸೆಶನ್‌ನಲ್ಲಿ ಮೊದಲ ಐದು ಕರೆ ಚುರುಕು, ಆರನೆಯದು ದಿಢೀರನೆ ನಿಧಾನ ಎಂಬ ಲಕ್ಷಣ ಕಂಡರೆ ಮೊದಲು ಇದನ್ನೇ ಶಂಕಿಸಿ. 12ನೇ ಆವೃತ್ತಿಯಿಂದ ಪ್ಲಾನ್ ಕ್ಯಾಶ್ ಮೋಡ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಸಾಮಾನ್ಯ ಪ್ಲಾನ್‌ಗೆ ಬಲವಂತವಾಗಿ ತಿರುಗಿಸಿ ಫಂಕ್ಷನ್ ಓಡಿಸಿದರೆ ತೊಂದರೆ ಕೂಡಲೇ ಮರುಕಳಿಸುತ್ತದೆ. ಶಂಕೆ ನಿಜವಾದರೆ ಆ ಒಂದು ಫಂಕ್ಷನ್‌ಗಷ್ಟೇ ಆಲ್ಟರ್ ಫಂಕ್ಷನ್ ಮೂಲಕ ಪ್ರತಿ ಸಲ ಹೊಸ ಪ್ಲಾನ್ ಮಾಡುವಂತೆ ಹೇಳಬಹುದು. 16ನೇ ಆವೃತ್ತಿಯಿಂದ ಎಕ್ಸ್‌ಪ್ಲೇನ್‌ಗೆ ಜೆನೆರಿಕ್ ಪ್ಲಾನ್ ಎಂಬ ಆಯ್ಕೆಯೂ ಬಂದಿದೆ, ಆದರೆ ಅದು ಅನಲೈಜ್ ಜೊತೆ ಕೂಡುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಚಿಕ್ಕದು, ಕಣ್ಣಿಗೆ ಬೀಳುವುದು ಇನ್ನೂ ಕಷ್ಟ: ಟೈಪ್ ಹೊಂದದಿರುವುದು. ಟೇಬಲ್‌ನ ಕಾಲಂ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ), ಫಂಕ್ಷನ್‌ನ ಪ್ಯಾರಾಮೀಟರ್ ನ್ಯೂಮೆರಿಕ್ (ದಶಮಾಂಶ ಸಂಖ್ಯೆ) ಎಂದುಕೊಳ್ಳಿ. ಹೋಲಿಸುವಾಗ ಪೋಸ್ಟ್‌ಗ್ರೆಸ್ ಕಾಲಂ ಅನ್ನೇ ನ್ಯೂಮೆರಿಕ್‌ಗೆ ಬದಲಾಯಿಸುತ್ತದೆ, ಇಂಡೆಕ್ಸ್ ಕೆಲಸಕ್ಕೆ ಬಾರದೆ ಇಡೀ ಟೇಬಲ್ ಓದಬೇಕಾಗುತ್ತದೆ. ನೀವು ಕೈಯಾರೆ 42 ಎಂದು ಬರೆದು ಪರೀಕ್ಷಿಸಿದಾಗ ಅದು ಪೂರ್ಣಾಂಕವಾದ್ದರಿಂದ ಇಂಡೆಕ್ಸ್ ಚೆನ್ನಾಗಿ ಬಳಕೆಯಾಗುತ್ತದೆ. ‘ಹೊರಗೆ ಚುರುಕು, ಒಳಗೆ ನಿಧಾನ’ ಎಂಬ ಒಗಟಿನ ಉತ್ತರ ಎಷ್ಟೋ ಸಲ ಇಷ್ಟೇ.

ಫಂಕ್ಷನ್‌ನ ಘೋಷಣೆಯನ್ನೂ ನೋಡಿ. ಏನೂ ಹೇಳದಿದ್ದರೆ ಅದು ವೊಲಟೈಲ್, ಅಂದರೆ ಉತ್ತರ ಪ್ರತಿ ಕರೆಗೂ ಬದಲಾಗಬಹುದಾದದ್ದು, ಎಂದೇ ಲೆಕ್ಕ. ಡೇಟಾವನ್ನು ಓದಿ ಉತ್ತರ ಹೇಳುವಷ್ಟೇ ಕೆಲಸದ ಫಂಕ್ಷನ್ ಅನ್ನು ಸ್ಟೇಬಲ್ ಎಂದು ಘೋಷಿಸದೆ ವೇರ್ ಷರತ್ತಿನಲ್ಲಿ ಬಳಸಿದರೆ, ಪ್ರತಿ ಸಾಲಿಗೂ ಅದನ್ನು ಕರೆಯಬೇಕಾಗುತ್ತದೆ, ಇಂಡೆಕ್ಸ್ ಷರತ್ತಾಗಲು ಅದಕ್ಕೆ ಅವಕಾಶವಿಲ್ಲ. ಸಾಲುಗಳ ಗುಂಪನ್ನು ಹಿಂದಿರುಗಿಸುವ ಫಂಕ್ಷನ್ ಆದರೆ ಪ್ಲಾನರ್ 1000 ಸಾಲು ಎಂದು ಊಹಿಸುತ್ತದೆ. ನಿಮ್ಮದು 3 ಸಾಲನ್ನೋ 3 ಲಕ್ಷ ಸಾಲನ್ನೋ ಕೊಡುವುದಾದರೆ ಘೋಷಣೆಯಲ್ಲೇ ರೋಸ್ (ಸಾಲುಗಳ) ಸಂಖ್ಯೆ ತಿಳಿಸಿ.

ಫಂಕ್ಷನ್‌ಗಾಗಿಯೇ ಇರುವ ನಾಲ್ಕು ದಾರಿಗಳು

ಫಂಕ್ಷನ್ ಒಳಗಿನಿಂದ ಸಂದೇಶ ಮುದ್ರಿಸುವ ರೇಸ್ ನೋಟಿಸ್ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಅಗ್ಗದ್ದು. ತಪ್ಪು ಉತ್ತರದ ತೊಂದರೆಗೆ, ವೇರಿಯಬಲ್‌ನಲ್ಲಿ ಏನು ಕೂತಿದೆ ಎಂದು ನೋಡಲು ಇಂದಿಗೂ ನಾನು ಮೊದಲು ಬಳಸುವುದು ಇದನ್ನೇ. ಸಮಯ ಅಳೆಯುವುದಾದರೆ ನೌ ಬದಲು ಕ್ಲಾಕ್ ಟೈಮ್‌ಸ್ಟ್ಯಾಂಪ್ ಬಳಸಿ. ನೌ ಎಂಬುದು ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಯುವ ಇಲ್ಲವೇ ರದ್ದಾಗುವ ಕೆಲಸಗಳ ಗುಂಪು) ಶುರುವಾದ ಹೊತ್ತನ್ನೇ ಮತ್ತೆ ಮತ್ತೆ ಹೇಳುತ್ತದೆ, ಹತ್ತು ಕಡೆ ಮುದ್ರಿಸಿದರೂ ಹತ್ತೂ ಒಂದೇ. ನೋಟಿಸ್ ಸಂದೇಶ ಮೂಲ ಸೆಟ್ಟಿಂಗ್‌ನಲ್ಲಿ ಕರೆದವರ ಪರದೆಗೆ ಹೋಗುತ್ತದೆಯೇ ಹೊರತು ಸರ್ವರ್ ಲಾಗ್‌ಗೆ ಇಳಿಯುವುದಿಲ್ಲ. ಲಾಗ್‌ನಲ್ಲಿ ಬೇಕಿದ್ದರೆ ವಾರ್ನಿಂಗ್ ಅಥವಾ ಲಾಗ್ ಮಟ್ಟ ಬಳಸಬೇಕು. ಕೊರತೆ ಎಂದರೆ ಪ್ರತಿ ಸಲ ಫಂಕ್ಷನ್ ತಿದ್ದಿ ಮರುಸೃಷ್ಟಿಸಬೇಕು, ಕೊನೆಗೆ ತೆಗೆಯಲು ಮರೆತ ಸಾಲುಗಳು ಅಲ್ಲೇ ಉಳಿದುಬಿಡುತ್ತವೆ.

ಟ್ರ್ಯಾಕ್ ಫಂಕ್ಷನ್ಸ್ ಸೆಟ್ಟಿಂಗ್ ಮೂಲದಲ್ಲಿ ಮುಚ್ಚಿರುತ್ತದೆ. ಅದನ್ನು ‘ಪಿಎಲ್’ ಎಂದು ಮಾಡಿದರೆ ಪಿಜಿ ಸ್ಟ್ಯಾಟ್ ಯೂಸರ್ ಫಂಕ್ಷನ್ಸ್ ವ್ಯೂನಲ್ಲಿ ಪ್ರತಿ ಫಂಕ್ಷನ್ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಹೊತ್ತು, ತಾನು ಕರೆದ ಇತರ ಫಂಕ್ಷನ್‌ಗಳನ್ನು ಬಿಟ್ಟು ತನ್ನದೇ ಎಷ್ಟು ಹೊತ್ತು ಎಂದು ಸಿಗುತ್ತದೆ. ಟ್ರಿಗರ್‌ಗಳೂ ಸೇರುತ್ತವೆ. ಒಂದನ್ನೊಂದು ಕರೆಯುವ ನೂರಾರು ಫಂಕ್ಷನ್‌ಗಳ ಕಾಡಿನಲ್ಲಿ ಯಾವ ಮರ ಎಂದು ಗುರುತಿಸಲು ಇದು ಸಾಕು; ಯಾವ ಕೊಂಬೆ ಎಂದು ಹೇಳಲಾರದು.

ಕೊಂಬೆ ಹೇಳುವುದು ಪಿಎಲ್‌ಪಿಜಿಎಸ್‌ಕ್ಯೂಎಲ್ ಚೆಕ್ ಎಂಬ ವಿಸ್ತರಣೆ. ಒಂದೇ ಒಂದು ವಿಸ್ತರಣೆ ಹಾಕಿಕೊಳ್ಳಲು ಅವಕಾಶವಿದ್ದರೆ ಫಂಕ್ಷನ್ ಬರೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಫಂಕ್ಷನ್ ಸೃಷ್ಟಿಸುವಾಗ ಪೋಸ್ಟ್‌ಗ್ರೆಸ್ ಬರಿಯ ವ್ಯಾಕರಣ ನೋಡುತ್ತದೆ. ಒಳಗಿನ ಕಾಲಂ ನಿಜವಾಗಿ ಇದೆಯೇ ಎಂದು ತಿಳಿಯುವುದು ಆ ಸಾಲು ಓಡಿದಾಗಲೇ. ವರ್ಷಕ್ಕೊಮ್ಮೆ ಓಡುವ ಇಫ್ ಕವಲಿನಲ್ಲಿ ತಪ್ಪು ಹೆಸರು ಕೂತಿದ್ದರೆ ಅದು ವರ್ಷದ ಕೊನೆಗೇ ಸಿಡಿಯುತ್ತದೆ. ಈ ವಿಸ್ತರಣೆ ಫಂಕ್ಷನ್ ಓಡಿಸದೆಯೇ ಅಂಥ ತಪ್ಪು, ಬಳಸದ ವೇರಿಯಬಲ್, ತಲುಪಲಾಗದ ಸಾಲು ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಕೇಳಿದರೆ ಮೇಲೆ ಹೇಳಿದ ಟೈಪ್ ಬದಲಾವಣೆಯ ಬಗ್ಗೆಯೂ ಎಚ್ಚರಿಸುತ್ತದೆ. ಜೊತೆಗೆ ಸಾಲುಸಾಲಿನ ಸಮಯ ತೋರಿಸುವ ಪ್ರೊಫೈಲರ್ ಅದರಲ್ಲೇ ಇದೆ. ಓಡುವಾಗ ಸ್ಟ್ರಿಂಗ್ ಜೋಡಿಸಿ ಕಟ್ಟುವ ಕ್ವೆರಿಗಳನ್ನೂ, ಫಂಕ್ಷನ್ ಒಳಗೇ ಹುಟ್ಟುವ ತಾತ್ಕಾಲಿಕ ಟೇಬಲ್‌ಗಳನ್ನೂ ಪರೀಕ್ಷಿಸುವಾಗ ಮಾತ್ರ ಅದು ತಡವರಿಸುತ್ತದೆ.

ಉಳಿದದ್ದು ಡೀಬಗರ್. ಪೋಸ್ಟ್‌ಗ್ರೆಸ್ ನಿರ್ವಹಿಸುವ ಪಿಜಿಅಡ್ಮಿನ್ ಎಂಬ ತಂತ್ರಾಂಶದಲ್ಲಿ ಫಂಕ್ಷನ್ ಅನ್ನು ಸಾಲುಸಾಲಾಗಿ ನಡೆಸಿ, ಬೇಕಾದಲ್ಲಿ ನಿಲ್ಲಿಸಿ, ವೇರಿಯಬಲ್ ನೋಡಬಹುದು. ಹೊಸಬರಿಗೆ ಇದು ಬಲು ಇಷ್ಟವಾಗುತ್ತದೆ, ಇಷ್ಟವಾಗುವುದರಲ್ಲಿ ತಪ್ಪೂ ಇಲ್ಲ. ಆದರೆ ಸರ್ವರ್‌ನಲ್ಲಿ ಪ್ರತ್ಯೇಕ ಲೈಬ್ರರಿ, ಮರುಪ್ರಾರಂಭ, ಸೂಪರ್‌ಯೂಸರ್ ಅನುಮತಿ ಎಲ್ಲ ಬೇಕು. ಅದಕ್ಕಿಂತ ಮುಖ್ಯವಾಗಿ, ನಿಲುಗಡೆಯಲ್ಲಿ ಫಂಕ್ಷನ್ ನಿಂತಿರುವಷ್ಟು ಹೊತ್ತೂ ಅದರ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ, ಹಿಡಿದ ಬೀಗಗಳು ಹಿಡಿದೇ ಇರುತ್ತವೆ. ಬಳಕೆದಾರರಿರುವ ಸರ್ವರ್‌ನಲ್ಲಿ ನಿಲುಗಡೆ ಹಾಕಿ ಊಟಕ್ಕೆ ಎದ್ದು ಹೋದರೆ ಉಳಿದವರೆಲ್ಲ ಕಾಯುತ್ತಾರೆ. ಅಭಿವೃದ್ಧಿಯ ಸರ್ವರ್‌ಗೆ ಮಾತ್ರ ಇದು ಸಲ್ಲುತ್ತದೆ. ನಿಧಾನದ ತೊಂದರೆಗೆ ಇದರಿಂದ ಉಪಯೋಗವೂ ಇಲ್ಲ.

ತಪ್ಪು ಉತ್ತರ ಹುಡುಕುವವರು ಯಾವ ಸಾಧನ ಹಿಡಿಯುವ ಮೊದಲೂ ಫಂಕ್ಷನ್ ಅನ್ನು ಎರಡು ಕಡೆ ಕಣ್ಣಾರೆ ಓದಬೇಕು. ಎಕ್ಸೆಪ್ಷನ್ ವೆನ್ ಅದರ್ಸ್ ದೆನ್ ನಲ್ ಎಂದು ಎಲ್ಲೋ ಬರೆದಿದ್ದರೆ ದೋಷಗಳೆಲ್ಲ ಅಲ್ಲಿ ಸದ್ದಿಲ್ಲದೆ ಮುಳುಗುತ್ತಿರುತ್ತವೆ. ಅದನ್ನು ತೆಗೆಯಿರಿ, ಇಲ್ಲವೇ ಗೆಟ್ ಸ್ಟ್ಯಾಕ್ಡ್ ಡಯಾಗ್ನೋಸ್ಟಿಕ್ಸ್ ಬಳಸಿ ಸಂದೇಶವನ್ನೂ ಅದು ಹುಟ್ಟಿದ ಜಾಗವನ್ನೂ ಹೊರಗೆ ತನ್ನಿ. ಎರಡನೆಯದು ಸೆಲೆಕ್ಟ್ ಇಂಟೂ. ಸಾಲು ಸಿಗದಿದ್ದರೆ ಅದು ಸದ್ದಿಲ್ಲದೆ ನಲ್ ತುಂಬುತ್ತದೆ, ಹಲವು ಸಿಕ್ಕರೆ ಮೊದಲು ಬಂದದ್ದನ್ನು ಹಿಡಿದು ಸುಮ್ಮನಾಗುತ್ತದೆ. ಸ್ಟ್ರಿಕ್ಟ್ ಎಂಬ ಒಂದು ಪದ ಸೇರಿಸಿದರೆ ಎರಡೂ ಸಂದರ್ಭಗಳಲ್ಲಿ ದೋಷ ಎದ್ದು ನಿಲ್ಲುತ್ತದೆ. ಡೀಬಗರ್‌ನಲ್ಲಿ ಅರ್ಧ ದಿನ ಕಳೆಯುವುದಕ್ಕಿಂತ ಇದು ವಾಸಿ.

ನಿಂತೇ ಹೋದಾಗ

ಇಲ್ಲಿ ಆಯ್ಕೆಗೆ ಜಾಗವೇ ಇಲ್ಲ: ಸರ್ವರ್‌ನಲ್ಲಿ ಈಗ ಯಾರು ಏನು ಓಡಿಸುತ್ತಿದ್ದಾರೆ ಎಂದು ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ವ್ಯೂ ನೋಡಿ. ಕಾಯುವಿಕೆಯ ಬಗೆ ‘ಲಾಕ್’ ಎಂದಿದ್ದರೆ ಪಿಜಿ ಬ್ಲಾಕಿಂಗ್ ಪಿಡ್ಸ್ ಫಂಕ್ಷನ್‌ಗೆ ಆ ಪ್ರಕ್ರಿಯೆಯ ಸಂಖ್ಯೆ ಕೊಟ್ಟರೆ ಅಡ್ಡ ನಿಂತವರು ಯಾರು ಎಂದು ಹೇಳುತ್ತದೆ. ಹೆಚ್ಚಿನ ಸಲ ಅಪರಾಧಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸ್ಥಿತಿಯಲ್ಲಿ ಕಮಿಟ್ ಮರೆತು ಕೂತ ಯಾವುದೋ ಸೆಶನ್. ಕೊಲ್ಲುವ ಮೊದಲು ಪಿಜಿ ಕ್ಯಾನ್ಸಲ್ ಬ್ಯಾಕೆಂಡ್ ಪ್ರಯತ್ನಿಸಬಹುದು, ಆದರೆ ಅದು ಓಡುತ್ತಿರುವ ಕ್ವೆರಿಯನ್ನಷ್ಟೇ ನಿಲ್ಲಿಸುತ್ತದೆ. ಸುಮ್ಮನೆ ಕೂತ ಸೆಶನ್‌ಗೆ ಪಿಜಿ ಟರ್ಮಿನೇಟ್ ಬ್ಯಾಕೆಂಡ್ ಬೇಕು. ಫಂಕ್ಷನ್ ಓಡುತ್ತಿದ್ದರೆ ಈ ವ್ಯೂನಲ್ಲೂ ಹೊರಗಿನ ಕರೆ ಮಾತ್ರ ಕಾಣುತ್ತದೆ. ಸೂಪರ್‌ಯೂಸರ್ ಅಲ್ಲದವರು ಪಿಜಿ ಮಾನಿಟರ್ ಪಾತ್ರ ಕೇಳಿ ಪಡೆಯಿರಿ, ಇಲ್ಲದಿದ್ದರೆ ಇತರರ ಕ್ವೆರಿ ಕಾಣುವುದಿಲ್ಲ.

ಹಣ ಕೊಡುವ ಸಾಧನಗಳು, ಪ್ಲಾನ್ ಬಿಡಿಸುವ ತಾಣಗಳು

ನಿಗಾ ಸಾಧನಗಳು ಸುಂದರವಾದ ನಕ್ಷೆ ಕೊಡುತ್ತವೆ, ಕಳೆದ ತಿಂಗಳಿಗೆ ಹೋಲಿಸಿ ತೋರಿಸುತ್ತವೆ, ಎಚ್ಚರಿಕೆ ಕಳುಹಿಸುತ್ತವೆ. ಆದರೆ ಅವು ಹೆಚ್ಚಾಗಿ ಉಣ್ಣುವುದು ಮೇಲೆ ಹೇಳಿದ ಉಚಿತ ವ್ಯೂಗಳನ್ನೇ. ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಹಚ್ಚದ ಸರ್ವರ್‌ಗೆ ದುಬಾರಿ ನಿಗಾ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹತ್ತಾರು ಸರ್ವರ್, ಪಾಳಿಯಲ್ಲಿ ಕೆಲಸ ಮಾಡುವ ತಂಡ, ಇತಿಹಾಸ ಬೇಕೆಂಬ ಒತ್ತಾಯ ಇದ್ದರೆ ಕೊಳ್ಳಿ. ಒಂದೆರಡು ಸರ್ವರ್‌ಗೆ ಪಿಜಿಬ್ಯಾಜರ್ ಎಂಬ ಉಚಿತ ಲಾಗ್ ವಿಶ್ಲೇಷಕ ಕೊಡುವ ವರದಿ ಧಾರಾಳವಾಯಿತು. ಎಕ್ಸ್‌ಪ್ಲೇನ್ ಫಲಿತಾಂಶ ಅಂಟಿಸಿದರೆ ಬಣ್ಣ ಬಳಿದು ತೋರಿಸುವ ತಾಣಗಳು ಕಲಿಯುವವರಿಗೆ ಒಳ್ಳೆಯವು. ಟೇಬಲ್ ಹೆಸರು ಮತ್ತು ಮೌಲ್ಯಗಳು ಹೊರಗೆ ಹೋಗುತ್ತವೆ ಎಂಬುದು ನೆನಪಿರಲಿ.

ಬೇರೆ ಡೇಟಾಬೇಸ್ ಬಳಸುವವರಿಗೆ ಎರಡು ಮಾತು. ಮೈಎಸ್‌ಕ್ಯೂಎಲ್‌ಗೆ ಎಕ್ಸ್‌ಪ್ಲೇನ್ ಅನಲೈಜ್ 8.0.18ರಿಂದ ಬಂದಿದೆ, ಅದರ ನಿಧಾನ ಕ್ವೆರಿ ಲಾಗ್‌ನ ಮೂಲ ಮಿತಿ 10 ಸೆಕೆಂಡ್ ಆದ್ದರಿಂದ ತಗ್ಗಿಸದಿದ್ದರೆ ಹೆಚ್ಚೇನೂ ಸಿಗದು. ಎಸ್‌ಕ್ಯೂಎಲ್ ಸರ್ವರ್‌ನ 2016ರ ಆವೃತ್ತಿಯಿಂದ ಇರುವ ಕ್ವೆರಿ ಸ್ಟೋರ್ ಹಳೆಯ ಪ್ಲಾನ್‌ಗಳನ್ನೂ ಉಳಿಸಿಡುತ್ತದೆ, ಈ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಹಿಂದಿದೆ. ಒರಾಕಲ್‌ನಲ್ಲಿ ಫಂಕ್ಷನ್‌ಗಳಿಗೆ ಶ್ರೇಣೀಕೃತ ಪ್ರೊಫೈಲರ್ ಜೊತೆಗೇ ಬರುತ್ತದೆ.

ಹಾಗಾದರೆ ನೀವು?

ಕಲಿಯುತ್ತಿದ್ದೀರಿ, ಡೇಟಾಬೇಸ್ ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ ಎಂದಾದರೆ ಎಕ್ಸ್‌ಪ್ಲೇನ್, ರೇಸ್ ನೋಟಿಸ್, ಸೆಶನ್ ಮಟ್ಟದ ಆಟೋ ಎಕ್ಸ್‌ಪ್ಲೇನ್, ಈ ಮೂರನ್ನು ಚೆನ್ನಾಗಿ ಪಳಗಿಸಿಕೊಳ್ಳಿ. ಆಸೆಯಿದ್ದರೆ ಡೀಬಗರ್ ಹಾಕಿಕೊಳ್ಳಿ, ಯಾರಿಗೂ ತೊಂದರೆಯಿಲ್ಲ.

ಸಣ್ಣ ತಂಡ, ಜನ ಬಳಸುವ ಒಂದು ಸರ್ವರ್: ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್, 1 ಸೆಕೆಂಡ್ ಮೀರಿದವುಗಳ ಲಾಗ್, ಬೀಗ ಕಾಯುವಿಕೆಯನ್ನು ಬರೆದಿಡುವ ಲಾಗ್ ಲಾಕ್ ವೇಟ್ಸ್. ಇಷ್ಟನ್ನು ಯಾವಾಗಲೂ ಹಚ್ಚಿಡಿ.

ಯಾರೋ ಬರೆದುಹೋದ ನೂರಾರು ಫಂಕ್ಷನ್‌ಗಳ ಉಸ್ತುವಾರಿ ನಿಮ್ಮ ಹೆಗಲಿಗೆ ಬಿದ್ದಿದ್ದರೆ, ಡೇಟಾಬೇಸ್‌ನ ಒಂದು ನಕಲನ್ನು ಬೇರೆ ಸರ್ವರ್‌ನಲ್ಲಿ ಇಳಿಸಿಕೊಂಡು ಎಲ್ಲ ಫಂಕ್ಷನ್‌ಗಳ ಮೇಲೂ ಪಿಎಲ್‌ಪಿಜಿಎಸ್‌ಕ್ಯೂಎಲ್ ಚೆಕ್ ಓಡಿಸಿ. ನಿಜವಾದ ಸರ್ವರ್‌ನಲ್ಲಿ ಟ್ರ್ಯಾಕ್ ಫಂಕ್ಷನ್ಸ್ ಹಚ್ಚಿ ಒಂದು ವಾರ ಬಿಡಿ. ಎರಡೂ ಪಟ್ಟಿಗಳಲ್ಲಿ ಕಾಣುವ ಹೆಸರುಗಳಿಂದ ಶುರುಮಾಡಿ.

ಕ್ಲೌಡ್‌ನಲ್ಲಿದ್ದು ಸೂಪರ್‌ಯೂಸರ್ ಇಲ್ಲದಿದ್ದರೆ, ನಿಮ್ಮ ಸೇವೆ ಅನುಮತಿಸುವ ವಿಸ್ತರಣೆಗಳ ಪಟ್ಟಿಯನ್ನು ಪಿಜಿ ಅವೈಲಬಲ್ ಎಕ್ಸ್‌ಟೆನ್ಶನ್ಸ್ ವ್ಯೂನಲ್ಲಿ ಮೊದಲು ನೋಡಿ. ಆಟೋ ಎಕ್ಸ್‌ಪ್ಲೇನ್ ಲೈಬ್ರರಿಯೇ ಹೊರತು ವಿಸ್ತರಣೆಯಲ್ಲದ್ದರಿಂದ ಆ ಪಟ್ಟಿಯಲ್ಲಿ ಕಾಣುವುದಿಲ್ಲ, ಸೇವೆಯ ಸೆಟ್ಟಿಂಗ್ ಪುಟದಲ್ಲಿ ಹುಡುಕಬೇಕು. ಅಲ್ಲೂ ಸಿಗದಿದ್ದರೆ ಫಂಕ್ಷನ್ ಒಳಗಿನ ಕ್ವೆರಿಯನ್ನು ಹೊರತೆಗೆದು, ಪ್ಯಾರಾಮೀಟರ್‌ಗಳ ಟೈಪ್ ಅನ್ನು ಹಾಗೇ ಉಳಿಸಿಕೊಂಡು ಪ್ರಿಪೇರ್ ಆದೇಶದಿಂದ ಸಿದ್ಧಪಡಿಸಿ, ಎಕ್ಸ್‌ಪ್ಲೇನ್ ಅನಲೈಜ್ ಎಕ್ಸಿಕ್ಯೂಟ್ ಎಂದು ಓಡಿಸಿ. ಕನಿಷ್ಠ ಆರು ಸಲ.